ಮಧ್ಯಾಹ್ನ ಮಡಚುವ ಗೋಡೆ

ಮೊಳಕಾಲ್ಮೂರು
9 ಏಪ್ರಿಲ್ 2001

ಮಗಳು ಮಾಲಾಳಿಗೆ ಅಮ್ಮನ ಆಶೀರ್ವಾದ.

ಕಾಗದ ಬರೆಯುವವರೆಲ್ಲ ಮೊದಲು ಕ್ಷೇಮ ಎಂದು ಬರೆದು, ಆಮೇಲೆ ಎರಡು ಪುಟ ಗೋಳು ಬರೆಯುತ್ತಾರೆ. ನಾನು ಗೋಳಿನಿಂದಲೇ ಶುರು ಮಾಡುತ್ತೇನೆ. ಕ್ಷೇಮ ಉಳಿದಿದ್ದರೆ ಕೊನೆಗೆ ನೋಡೋಣ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಇರುವುದು ಮೂಲೆ ಅಂಗಡಿಯಲ್ಲಿ. ನಾನು ಹಲೋ ಅಂದರೆ ಸಾಕು, ಸಕ್ಕರೆ ಕಟ್ಟಿಸಿಕೊಳ್ಳಲು ಬಂದವರೆಲ್ಲ ಸಕ್ಕರೆ ಮರೆತು ನಮ್ಮ ಮನೆ ಮಾತು ಕಟ್ಟಿಸಿಕೊಂಡು ಹೋಗುತ್ತಾರೆ. ಮನೆಯಲ್ಲಿ ಆಡುವುದು ತೆಲುಗಾದರೂ ಶಾಲೆಯಲ್ಲಿ ಕಲಿತದ್ದು ಕನ್ನಡದ ಅಕ್ಷರ. ಹಾಗಾಗಿ ನಿನ್ನನ್ನು ಬೈಯುವುದಿದ್ದರೂ ಕನ್ನಡದಲ್ಲೇ ಬೈಯಬೇಕು.

ವಿಷಯ ನಮ್ಮ ಮಗ್ಗದ ಶೆಡ್ಡಿನದು. ನಿನ್ನ ಅಪ್ಪ, ನಿನ್ನ ಬಾಯಲ್ಲಿ ನಾನ್ನ, ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಮಗ್ಗಕ್ಕೆ ಗುಂಡಿ ತೋಡಲು ಯಾರೂ ಬಿಡಲಿಲ್ಲ. ನೇಕಾರರ ಸೊಸೈಟಿಯವರು ಹೆಂಗಸರಿಗೆಂದು ಕಟ್ಟಿಸಿದ ಈ ಶೆಡ್ಡಿನಲ್ಲಿ ಒಂದು ಗುಂಡಿ ಸಿಕ್ಕಿತು. ಅದರಲ್ಲಿ ಕಾಲು ಇಳಿಸಿ ಕೂತವಳು ಇವತ್ತಿಗೂ ನನ್ನ ಅನ್ನ ನಾನೇ ಉಣ್ಣುತ್ತಿದ್ದೇನೆ. ಶೆಡ್ಡಿನ ಪಡುವಣ ಗೋಡೆ ನಿನಗೆ ನೆನಪಿರಬೇಕು. ಸೊಂಟದವರೆಗೆ ಇಟ್ಟಿಗೆ, ಅಲ್ಲಿಂದ ಮೇಲೆ ಬರೀ ಕಬ್ಬಿಣದ ಸರಳು. ಮಧ್ಯಾಹ್ನವಾಯಿತೆಂದರೆ ಬಿಸಿಲು ನೇರ ಒಳಗೆ ಬಂದು ಮಗ್ಗದ ಮೇಲೆ ಕೂರುತ್ತದೆ. ಹಿಂದೆಯೇ ಬಿಸಿ ಗಾಳಿ. ರೇಷ್ಮೆ ಎಳೆ ಒಣಗಿ ಶಾವಿಗೆಯಂತೆ ಪಟಪಟ ಮುರಿಯುತ್ತದೆ. ಗೋಣಿ ತಟ್ಟು ಇಳಿಬಿಟ್ಟರೆ ಒಳಗೆ ಕತ್ತಲು, ಸರಿಯಾಗಿ ಅದೇ ಹೊತ್ತಿಗೆ ಕರೆಂಟೂ ಹೋಗುತ್ತದೆ. ದ್ರಾಕ್ಷಾಯಣಮ್ಮ ತಟ್ಟು ಎತ್ತುತ್ತಾಳೆ, "ಕತ್ಲಾಗೆ ಸೀರೆಗೆ ಬುಟ್ಟ ಹೆಂಗ್ ಹಾಕ್ಲಿ" ಅಂತ. ರಂಗಕ್ಕ ಇಳಿಸುತ್ತಾಳೆ, "ಎಳೆ ಕಿತ್ತೋದ್ರೆ ನಿಮ್ಮಪ್ಪ ಬಂದು ಗಂಟು ಹಾಕ್ತಾನಾ" ಅಂತ. ಇಬ್ಬರೂ ಈಗ ಮಾತು ಬಿಟ್ಟಿದ್ದಾರೆ. ಕಡೆಗೆ ಎಲ್ಲರೂ ಬೀಗ ಹಾಕಿಕೊಂಡು ಮನೆಗೆ ಹೋಗುವುದು. ನನ್ನ ಪಕ್ಕದ ಗುಂಡಿಯವಳು ಈ ಕಾಟಕ್ಕೇ ಮಗ್ಗ ಬಿಟ್ಟು ಗಾರೆ ಕೆಲಸಕ್ಕೆ ಹೋದಳು.

ನಿನ್ನೆ ಸೊಸೈಟಿ ಅಧ್ಯಕ್ಷ ಚೌಡೇಶ ಬಂದಿದ್ದ. ಒಳ್ಳೆಯವನೇ, ಆದರೆ ಲೆಕ್ಕದವನು. "ಅಕ್ಕಾ, ಅರ್ಧ ದಿನ ಬೀಗ ಹಾಕೋ ಶೆಡ್ ಇಟ್ಕಂಡು ನಾನೇನ್ ಮಾಡ್ಲಿ? ರೇಷ್ಮೆ ಗೂಡಿನ ವ್ಯಾಪಾರಿ ಗೋಡೌನಿಗೆ ಕೇಳ್ತಾವ್ನೆ. ಬರೋ ಬೇಸ್ಗೇನೂ ಹಿಂಗೇ ಆದ್ರೆ ಮಗ್ಗ ಬಿಚ್ಚಿಸ್ತೀನಿ, ಬೇಜಾರ್ ಮಾಡ್ಕಬ್ಯಾಡಿ" ಎಂದ.

ಮಗ್ಗ ಬಿಚ್ಚಿದರೆ ನಾನೆಲ್ಲಿ ಹೋಗಲಿ? ಮಗಳ ಕೋಣೆಯಲ್ಲಿ ಕೂತು ಉಣ್ಣಬೇಕು. ಆ ಮಾತು ಬರೆಯುವಾಗಲೇ ನನಗೆ ಸಿಟ್ಟು ಬರುತ್ತಿದೆ. ನೀನು ಕಟ್ಟಡದ ನಕ್ಷೆ ಬರೆಯುವವಳು, ಏನಾದರೂ ಹೊಳೆದರೆ ಬರೆ. ಹೊಳೆಯದಿದ್ದರೆ ಸುಮ್ಮನಿರು. ಸಮಾಧಾನ ಮಾತ್ರ ಹೇಳಬೇಡ.

ಇಂತಿ,
ಚಿತ್ತಮ್ಮ

*

ಚಳ್ಳಕೆರೆ
20 ಏಪ್ರಿಲ್ 2001

ಅಮ್ಮನಿಗೆ ನಮಸ್ಕಾರ.

ಸಮಾಧಾನ ಹೇಳುವುದಿಲ್ಲ. ನನಗೆ ಹೊಳೆದದ್ದು ಒಂದೇ: ಇಲ್ಲಿಗೆ ಬಂದುಬಿಡು. ನನ್ನ ಕೋಣೆಯಲ್ಲಿ ಅರ್ಧ ಖಾಲಿಯೇ ಇದೆ. ಮನೆ ಒಡತಿ ಕ್ಯಾತಮ್ಮ ನಿನ್ನ ವಯಸ್ಸಿನವರು, ನಿನ್ನಷ್ಟೇ ಮಾತಾಡುತ್ತಾರೆ. ಸಂಜೆ ಆಫೀಸಿನಿಂದ ಬಂದು ಬೀಗ ತೆಗೆಯುವುದು ನನಗೆ ಸಾಕಾಗಿದೆ. ಒಳಗಿನಿಂದ ಯಾರಾದರೂ ಬಾಗಿಲು ತೆಗೆಯಲಿ ಅನ್ನಿಸುತ್ತದೆ.

ಹೊಳೆಯುವುದಾದರೂ ಹೇಗೆ ಹೇಳು. ನಮ್ಮ ಎಂಜಿನಿಯರ್ ಸಾಹೇಬರಿಗೆ ಈಗ ಗಾಜಿನ ಹುಚ್ಚು. ಬಳ್ಳಾರಿ ರಸ್ತೆಯ ಬಟ್ಟೆ ಅಂಗಡಿಗೆ ಮುಂಭಾಗ ಪೂರಾ ನೀಲಿ ಗಾಜು ಹಾಕಿಸಿದ್ದಾರೆ. ನಕ್ಷೆ ಬರೆದವಳು ನಾನೇ. ಊರೆಲ್ಲ ಬಿಸಿಲಿಗೆ ಬೆನ್ನು ಕೊಟ್ಟು ಕೂತಿರುವಾಗ ನಾವು ಅಂಗಡಿಯನ್ನು ಬಿಸಿಲಿಗೆ ಮುಖ ಕೊಟ್ಟು ನಿಲ್ಲಿಸಿದ್ದೇವೆ. ಒಳಗೆ ಹೋದ ಗಿರಾಕಿ ಸೀರೆ ಬಿಚ್ಚಿಸುವ ಮೊದಲೇ ಓಡಿಬರುತ್ತಾನೆ. ಮೊನ್ನೆ ನೋಡಿದರೆ ಆ ಗಾಜಿನ ಒಳಗಡೆ ಕುರಿ ಕಂಬಳಿ ನೇತುಹಾಕಿದ್ದಾರೆ.

ಬರುತ್ತೀಯಾ? ಯೋಚಿಸಿ ಬರೆ.

ನಿನ್ನ ಮಗಳು,
ಮಾಲಾ

*

ಚಳ್ಳಕೆರೆ
26 ಆಗಸ್ಟ್ 2001

ಅಮ್ಮನಿಗೆ ನಮಸ್ಕಾರ.

ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಬಾ ಎಂದದ್ದಕ್ಕೆ ಸಿಟ್ಟು ಎಂದು ಗೊತ್ತು. ಆ ಮಾತು ಈಗ ಬಿಡು. ಬೇರೊಂದು ಹೇಳಬೇಕು, ಖುಷಿಯಲ್ಲಿದ್ದೇನೆ.

ಇವತ್ತು ರಜೆ. ಕ್ಯಾತಮ್ಮನವರು ಶೇಂಗಾ ಹೊಲಕ್ಕೆ ಕಳೆ ಕೀಳಲು ಹೊರಟರು, ಬೇಜಾರಿಗೆ ನಾನೂ ಹೋದೆ. ಶ್ರಾವಣ ಕಳೆದರೂ ಇಲ್ಲಿ ಮಳೆ ಇಲ್ಲ. ಬೆಳಿಗ್ಗೆ ನೋಡಿದಾಗ ಗಿಡದ ಎಲೆಗಳೆಲ್ಲ ಅಂಗೈ ಚಾಚಿದಂತೆ ಬಿಚ್ಚಿಕೊಂಡಿದ್ದವು. ಊಟಕ್ಕೆ ಕೂತಾಗ ನೋಡುತ್ತೇನೆ, ಹೊಲದ ಬಣ್ಣವೇ ಬದಲಾಗಿದೆ. ಒಂದೊಂದು ಎಲೆಯೂ ತನ್ನ ಜೋಡಿಯ ಜತೆ ಕೈ ಮುಗಿದಂತೆ ಮಡಚಿಕೊಂಡು ನಿಂತಿದೆ. ಬಿಸಿಲಿಗೆ ಈಗ ಸಿಗುವುದು ಎಲೆಯ ಅಂಚು ಮಾತ್ರ. ಗಿಡ ಸತ್ತವೇನೋ ಎಂದು ಗಾಬರಿಯಾಗಿ ಕೇಳಿದೆ. ಕ್ಯಾತಮ್ಮನವರು ಮುದ್ದೆ ಮುರಿಯುತ್ತಾ, "ಬಿಸ್ಲಾತು, ಮಡಿಚ್ಕಂಡ್ವು. ಸಂಜೀಕೆ ಬಿಚ್ಕಂತವೆ. ಅವುಕ್ಕೆ ಯಾರಾನ ಹೇಳ್ಬೇಕೇನವ್ವ?" ಎಂದರು.

ಎಲೆ ಕಿತ್ತು ನೋಡಿದೆ. ಎಲೆ ದಂಟಿಗೆ ಸೇರುವಲ್ಲಿ ಒಂದು ಸಣ್ಣ ಉಬ್ಬು ಇದೆ. ಅದರಲ್ಲಿ ನೀರು ತುಂಬಿದ್ದರೆ ಬಿಗಿ, ಎಲೆ ಅಗಲವಾಗಿ ನಿಲ್ಲುತ್ತದೆ. ನೀರು ಕಮ್ಮಿಯಾದರೆ ಸಡಿಲ, ಮಡಚಿಕೊಳ್ಳುತ್ತದೆ. ಮನೆಗೆ ಬಂದು ಬಟ್ಟೆ ಒಣಹಾಕಲು ಹೋದೆ. ಬೆಳಿಗ್ಗೆ ಬಿಗಿಯಾಗಿದ್ದ ನೂಲಿನ ಹಗ್ಗ ಬಿಸಿಲಿಗೆ ಒಣಗಿ ಜೋತುಬಿದ್ದಿತ್ತು. ದಿನಾ ನೋಡುವ ಹಗ್ಗ ಅಮ್ಮ. ಮಳೆಗಾಲದಲ್ಲಿ ಹಗ್ಗದ ಮಂಚ ಬಿಗಿಯಾಗುವುದನ್ನು ನಿನ್ನ ಜತೆ ಮಲಗಿಯೇ ನೋಡಿದ್ದೇನೆ. ತೇವಕ್ಕೆ ಗಿಡ್ಡ, ಒಣಗಿದರೆ ಉದ್ದ.

ನಿಮ್ಮ ಪಡುವಣ ಗೋಡೆಗೆ ಅಂಥ ಎಲೆಗಳನ್ನು ಹಾಕಿದರೆ? ಎಲೆಗೆ ಬೇಕಾದ್ದು ತನ್ನ ಮೈಗೆ ಬಿಸಿಲು ಬೀಳದಿರುವುದು, ನಮಗೆ ಬೇಕಾದ್ದು ಮಗ್ಗಕ್ಕೆ ಬೀಳದಿರುವುದು. ಎರಡೂ ಒಂದೇ ಅಲ್ಲ. ಆದರೆ ಹೊತ್ತು ನೋಡಿ ತಾನೇ ಮಡಚಿ ತಾನೇ ಬಿಚ್ಚುವ ಬುದ್ಧಿಯನ್ನು ಅದರಿಂದ ಕದಿಯಬಹುದು.

ಮಾಲಾ

*

ಮೊಳಕಾಲ್ಮೂರು
10 ಸೆಪ್ಟೆಂಬರ್ 2001

ಮಾಲಾಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಶೆಡ್ಡಿನಲ್ಲಿ ಗಟ್ಟಿಯಾಗಿ ಓದಿದೆ. ದ್ರಾಕ್ಷಾಯಣಮ್ಮ ಕೇಳಿ, "ಶೇಂಗಾ ತಿನ್ನೋಕೆ ಹೋದೋಳು ಗೋಡೆ ಕಟ್ಟೋಕೆ ಹೊಂಟವ್ಳೆ ನಿನ್ನ ಮಗಳು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮನೆಗೆ ಬಂದು ಇನ್ನೊಂದು ಸಲ ಓದಿದೆ, ಆಗ ನಗು ಬರಲಿಲ್ಲ.

ಹಗ್ಗ ಕಟ್ಟಿ ಕೈಯಲ್ಲೇ ಎಳೆದರಾಗದೇ ಎಂದು ಬರೆಯಲು ಕೂತೆ. ಬರೆಯುವಷ್ಟರಲ್ಲಿ ಉತ್ತರ ನನಗೇ ಹೊಳೆಯಿತು. ಎಳೆಯುವವಳು ಗುಂಡಿಯಿಂದ ಎದ್ದು ಹೋಗಬೇಕು. ಅದೂ ಹೋಗಲಿ, ಎಳೆದವಳು ಯಾರು, ಬಿಟ್ಟವಳು ಯಾರು ಎಂದು ಮತ್ತೆ ಜಗಳ. ಗೋಡೆ ತಾನೇ ಮಡಚಿಕೊಂಡರೆ ರಂಗಕ್ಕ ಬೈಯುವುದಿದ್ದರೆ ಸೂರ್ಯನನ್ನು ಬೈಯಬೇಕು.

ಚೌಡೇಶನನ್ನು ಕೇಳಿದೆ. ಮೊದಲು ನಕ್ಕ. ಆಮೇಲೆ ಸೊಸೈಟಿಯ ಹಿತ್ತಲಲ್ಲಿ ಬಿದ್ದಿರುವ ಹಳೇ ಮಗ್ಗದ ಮರ, ರಾಟೆ ಎಲ್ಲ ತಗೊಂಡು ಹೋಗಿ ಎಂದ. "ಬೇಸ್ಗೆ ಮಾತ್ರ ಮರೀಬ್ಯಾಡಿ ಅಕ್ಕ" ಅಂತಲೂ ಹೇಳಿದ. ಮರೆಯುವುದು ಹೇಗೆ.

ನೀನು ಸಣ್ಣಗಾಗಿದ್ದೀಯಂತೆ, ಬಸ್ಸಿನಲ್ಲಿ ನಿನ್ನನ್ನು ನೋಡಿದವರು ಹೇಳಿದರು. ಗೋಡೆ ಆಮೇಲೆ. ಮೊದಲು ಹೊತ್ತಿಗೆ ಸರಿಯಾಗಿ ಉಣ್ಣು.

ಚಿತ್ತಮ್ಮ

*

ಚಳ್ಳಕೆರೆ
2 ಡಿಸೆಂಬರ್ 2001

ಅಮ್ಮನಿಗೆ ನಮಸ್ಕಾರ.

ನಾನು ಸಣ್ಣಗಾಗಿಲ್ಲ, ನೋಡಿದವರ ಕಣ್ಣು ಪರೀಕ್ಷೆ ಮಾಡಿಸು.

ಇಲ್ಲಿ ಏಕಾಂತಪ್ಪ ಎಂಬ ಬಡಗಿ ಇದ್ದಾರೆ, ನಮ್ಮ ಆಫೀಸಿನ ಕಿಟಕಿ ಬಾಗಿಲೆಲ್ಲ ಅವರದೇ. ಅವರಿಗೆ ಹೇಳಿದಾಗ ಉಳಿ ಕೆಳಗಿಟ್ಟು ನನ್ನ ಮುಖ ನೋಡಿದರು. "ಹಗ್ಗಕ್ಕೆ ಬುದ್ಧಿ ಐತೆ ಅಂತೀಯಾ ತಾಯಿ? ನನ್ನ ಮನೇಲಿ ಮನುಷ್ಯರಿಗೇ ಇಲ್ಲ" ಎಂದರು. ಆದರೂ ಮಾಡಿದರು. ಮೊದಲನೆಯದು ಅಲುಗಲೇ ಇಲ್ಲ. ಎರಡನೆಯದು ಒಮ್ಮೆ ಬಿದ್ದದ್ದು ಏಳಲಿಲ್ಲ. ಈಗಿನದು ಕೆಲಸ ಮಾಡುತ್ತಿದೆ.

ಹೇಗೆಂದರೆ, ತೆಳು ಮರದ ಚೌಕಟ್ಟಿಗೆ ಎಣ್ಣೆ ಮಿಲ್ಲಿನ ಗೋಣಿ ಬಿಗಿದು ರೆಕ್ಕೆಯಂಥದ್ದು ಮಾಡಿದ್ದೇವೆ. ಅದಕ್ಕೆ ಎಲೆ ಎಂದೇ ಹೆಸರು. ಮೇಲಂಚಿಗೆ ಕೀಲು, ಕೆಳಗಿನ ತುದಿಯನ್ನು ಹೊರಕ್ಕೆ ಎತ್ತಿಹಿಡಿಯುವುದು ನೂಲಿನ ಹಗ್ಗ. ಒಂದು ಮಾರು ಹಗ್ಗ ಒಣಗಿದರೆ ಹೆಚ್ಚೆಂದರೆ ಬೆರಳಗಲ ಉದ್ದವಾಗುತ್ತದೆ, ಅಷ್ಟರಲ್ಲಿ ಎಲೆ ಬೀಳುವುದಿಲ್ಲ. ಅದಕ್ಕೇ ಹಗ್ಗ ನಿಮ್ಮ ಹಳೇ ರಾಟೆಗಳ ಮೇಲೆ ಹಾದು ಗೋಡೆಯ ಉದ್ದಕ್ಕೂ ಹಲವು ಸಲ ಹೋಗಿ ಬರುತ್ತದೆ. ಎಲ್ಲ ಸುತ್ತಿನ ಸಡಿಲವೂ ಕೂಡಿ ಕೊನೆಯಲ್ಲಿ ಎಲೆ ಇಳಿಯುತ್ತದೆ. ಬೆಳಗಿನ ತಂಪಿಗೆ ಹಗ್ಗ ಗಿಡ್ಡ, ಎಲೆ ಮೇಲೆ. ಮಧ್ಯಾಹ್ನ ಗಾಳಿ ಒಣಗಿತು, ಹಗ್ಗ ಉದ್ದವಾಯಿತು, ಎಲೆ ಕೆಳಗೆ. ಸಂಜೆ ಮತ್ತೆ ಮೇಲೆ. ಏಕಾಂತಪ್ಪನವರು ಈಗ ಗಡಿಯಾರ ನೋಡುವುದು ಬಿಟ್ಟು ಎಲೆ ನೋಡಿ ಊಟಕ್ಕೆ ಏಳುತ್ತಾರೆ.

ಸಂಕ್ರಾಂತಿ ಕಳೆದ ಭಾನುವಾರ ಇಬ್ಬರೂ ಬಂದು ಕೂಡಿಸುತ್ತೇವೆ. ನಿನಗೆ ಹೊಸ ಶೇಂಗಾದ ಗಾಣದ ಎಣ್ಣೆ ತರುತ್ತೇನೆ.

ಮಾಲಾ

*

ಮೊಳಕಾಲ್ಮೂರು
29 ಜನವರಿ 2002

ಮಾಲಾಳಿಗೆ ಆಶೀರ್ವಾದ.

ನೀವು ಕೂಡಿಸಿ ಹೋದ ಎಲೆಗಳು ಚೆನ್ನಾಗಿವೆ. ಬೀದಿಯವರೆಲ್ಲ ಬಂದು ನೋಡುತ್ತಾರೆ. ಎಲೆ ಇಳಿಯುವುದನ್ನು ಕಾಯುತ್ತಾ ಕೂತು ರಂಗಕ್ಕ ನೇಯುವುದನ್ನೇ ಮರೆತಿದ್ದಳು. ಎಣ್ಣೆಯೂ ಚೆನ್ನಾಗಿದೆ.

ಈಗ ಚೆನ್ನಾಗಿಲ್ಲದ್ದು. ಎಲೆ ಅರ್ಧಕ್ಕೆ ಇಳಿದಾಗ ಅದರ ಕೆಳಗೆ, ಸೊಂಟದ ಎತ್ತರದಲ್ಲಿ, ಒಂದು ಬೆಳಕಿನ ಸೀಳು ಉಳಿಯುತ್ತದೆ. ಅದು ನೇರ ನಮ್ಮ ಕಣ್ಣಿಗೆ ಹೊಡೆಯುತ್ತದೆ. ಪೂರ್ತಿ ಇಳಿದ ಮೇಲೆ ಸೀಳು ಹೋಗುತ್ತದೆ, ಆಗ ಬಟ್ಟೆಯ ಮೇಲೆ ಬೆಳಕೇ ಇಲ್ಲ. ನೀನು ಅವತ್ತು ಗೋಡೆಯ ಮುಂದೆ ನಿಂತು ನೋಡಿ ಸರಿಯಾಯಿತು ಎಂದೆ. ನಿಂತವರ ಕಣ್ಣಿಗೆ ಸರಿಯೇ. ಆದರೆ ಮಗ್ಗದಲ್ಲಿ ನಿಲ್ಲುವವರು ಯಾರು? ಗುಂಡಿಯಲ್ಲಿ ಕಾಲಿಟ್ಟು ಕೂತರೆ ನಾವು ನೆಲದ ಮಟ್ಟದ ಜನ.

ಬೇಸಿಗೆಗೆ ಇನ್ನೂ ಟೈಮಿದೆ. ಯೋಚನೆ ಮಾಡು.

ಚಿತ್ತಮ್ಮ

*

ಚಳ್ಳಕೆರೆ
6 ಫೆಬ್ರವರಿ 2002

ಅಮ್ಮನಿಗೆ,

ಮಾಡಬೇಕಾದ್ದು ಇಷ್ಟು. ಎಲೆಗಳ ಕೆಳಗೆ ಗೋಣಿಯ ಅಂಚು ಹೊಲಿಸಿ ಉದ್ದ ಮಾಡುತ್ತೇವೆ, ಕಣ್ಣಿನ ಮಟ್ಟದ ಸೀಳು ಹೋಗುತ್ತದೆ. ನೆಲದಿಂದ ಒಂದು ಗೇಣು ಮೇಲೆ ಒಂದು ಸಾಲಿನಲ್ಲಿ ಒಂದು ಬಿಟ್ಟು ಒಂದು ಇಟ್ಟಿಗೆ ತೆಗೆಸು. ಹೊರಗೆ ಕಡಪ ಕಲ್ಲು ಓರೆಯಾಗಿ ನಿಲ್ಲಿಸಿದರೆ ಬಿಸಿಲು ಒಳಗೆ ಬರುವುದಿಲ್ಲ, ನೆಲಕ್ಕೆ ಬಡಿದ ಬೆಳಕು ಮಾತ್ರ ಬಂದು ಬಟ್ಟೆಯ ಮೇಲೆ ಬೀಳುತ್ತದೆ. ಏಕಾಂತಪ್ಪನವರು ಬರುತ್ತಾರೆ. ನನಗೆ ರಜೆ ಇಲ್ಲ.

ಇನ್ನೊಂದು ಮಾತು. ಕೂತವರ ಕಣ್ಣು ಎಲ್ಲಿರುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕಮ್ಮ? ಮಗ್ಗದ ಮನೆಯಲ್ಲಿ ಹುಟ್ಟಿಯೂ ಗುಂಡಿಗೆ ಕಾಲು ಇಳಿಸದೆ ಬೆಳೆದ ಹುಡುಗಿ ಮೊಳಕಾಲ್ಮೂರಿನಲ್ಲಿ ನಾನೊಬ್ಬಳೇ ಇರಬೇಕು. ಉಳಿದವರೆಲ್ಲ ತಾಯಿಯ ಪಕ್ಕ ಕೂತು ಕಲಿತರು. ನಾನು ಹತ್ತಿರ ಬಂದರೆ ಸಾಕು, ನಿನ್ನ ಮುಖ ಬಿಗಿಯುತ್ತಿತ್ತು. ಒಂದು ಸಲ ನೀನು ಲಾಳಿಯಿಂದ ನನ್ನ ಬೆರಳ ಗೆಣ್ಣಿಗೆ ಹೊಡೆದೆ. ಆ ನೋವು ಅವತ್ತೇ ಹೋಯಿತು. ಯಾಕೆ ಹೊಡೆದೆ ಎಂಬುದು ಇನ್ನೂ ಹೋಗಿಲ್ಲ. ನನ್ನ ಕೈ ಅಷ್ಟು ದಡ್ಡ ಕೈಯೇ?

ಮಾಲಾ

*

ಮೊಳಕಾಲ್ಮೂರು
27 ಮಾರ್ಚ್ 2002

ಮಾಲಾಳಿಗೆ ಆಶೀರ್ವಾದ.

ಏಕಾಂತಪ್ಪನವರು ಬಂದು ಇಟ್ಟಿಗೆ ತೆಗೆಸಿದರು, ಕಲ್ಲು ನಿಲ್ಲಿಸಿದರು. ಬೆಳಕು ಈಗ ಕೆಳಗಿನಿಂದ ಬರುತ್ತದೆ, ಸೀರೆಯ ಅಂಚು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ದ್ರಾಕ್ಷಾಯಣಮ್ಮ ನಿನ್ನ ಹೆಸರು ಹೇಳಿ ದೃಷ್ಟಿ ತೆಗೆದಳು.

ಆದರೆ ಎಲೆಗಳು ಬೀಳುವುದನ್ನು ನಿಲ್ಲಿಸಿವೆ. ಹದಿನೈದು ದಿನದಿಂದ ಮಧ್ಯಾಹ್ನವೂ ಮೇಲೆತ್ತಿದಂತೆಯೇ ನಿಂತಿರುತ್ತವೆ. ಬಿಸಿಲು ಹಿಂದಿನಂತೆಯೇ ಒಳಗೆ. ಹಗ್ಗ ಹಾಳಾಗಿದೆಯೇ ಎಂದರೆ ಇಲ್ಲ. ಅದನ್ನು ನಾವು ಮಗ್ಗಕ್ಕೆ ಉದ್ದಕ್ಕೆ ಹೂಡುವ ಹಾಸಿನ ಎಳೆಯಂತೆ ನೋಡಿಕೊಂಡಿದ್ದೇವೆ, ಒಂದು ಎಳೆ ಹಿಂಜಲು ಬಿಟ್ಟಿಲ್ಲ. ಇಷ್ಟು ಮಾಡಿಯೂ ಯಾಕೆ ಹೀಗೆ ಎಂದು ನನಗೆ ತಿಳಿಯುತ್ತಿಲ್ಲ. ನಿನ್ನೆ ನನ್ನ ಹಾಸಿನಲ್ಲಿ ಎಷ್ಟು ಎಳೆ ಮುರಿಯಿತೋ ಲೆಕ್ಕ ಇಡಲಿಲ್ಲ. ಗಂಟು ಹಾಕಿ ಹಾಕಿ ಕೊನೆಗೆ ಲಾಳಿ ಕೆಳಗಿಟ್ಟೆ.

ಉಗಾದಿ ಕಳೆದ ವಾರದಲ್ಲಿ ಮಧ್ಯಾಹ್ನದ ಹೊತ್ತಿಗೇ ಬರುತ್ತೇನೆ ಎಂದು ಚೌಡೇಶ ಹೇಳಿ ಕಳಿಸಿದ್ದಾನೆ. ಗೂಡಿನ ವ್ಯಾಪಾರಿ ಆಗಲೇ ಬಂದು ನೆಲ ಅಳೆದುಕೊಂಡು ಹೋದ. ನಾನು ಕೂತಿದ್ದ ಕಡೆಯೂ ಟೇಪು ಹಿಡಿದ, "ಸ್ವಲ್ಪ ಕಾಲು ತಗೀರಮ್ಮಾ" ಎಂದ.

ಅಟ್ಟದ ಮೇಲಿನ ಟ್ರಂಕು ಇಳಿಸಿ ಒರೆಸಿಟ್ಟಿದ್ದೇನೆ. ನಿನ್ನ ಕೋಣೆಯಲ್ಲಿ ಅದಕ್ಕೆ ಜಾಗ ಇದೆಯೇ ನೋಡು.

ಚಿತ್ತಮ್ಮ

*

ಚಳ್ಳಕೆರೆ
8 ಏಪ್ರಿಲ್ 2002

ಅಮ್ಮನಿಗೆ ನಮಸ್ಕಾರ.

ನಿನ್ನೆ ಶೆಡ್ಡಿನಲ್ಲಿ ಎಲ್ಲರ ಮುಂದೆ ಹೆಚ್ಚು ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಏಕಾಂತಪ್ಪನವರ ಜತೆ ಬಂದ ತಕ್ಷಣ ಹಗ್ಗ ಮುಟ್ಟಿದೆ, ಕೋಲಿನಂತೆ ಸೆಟೆದಿತ್ತು. ರಾಟೆಗೆ ಗೋಂದು ಮೆತ್ತಿದಂತೆ ಅಂಟಿತ್ತು. ಮೂಸಿ ನೋಡಿದೆ. ಅಕ್ಕಿ ಗಂಜಿ, ಅದರ ಮೇಲೆ ಶೇಂಗಾ ಎಣ್ಣೆ, ಅದೂ ನಾನೇ ತಂದುಕೊಟ್ಟ ಗಾಣದ ಎಣ್ಣೆ. ಕೇಳಿದರೆ ನೀನು ನನ್ನನ್ನೇ ಗದರಿದೆ: "ಏಮೇ, ನೂಲು ಅಂದ್ಮೇಲೆ ಗಂಜಿ ಕುಡಿಸದೆ ಕೆಲಸಕ್ಕೆ ಹಚ್ತಾರೇನೆ?" ಅಷ್ಟೂ ಜನ ಹೆಂಗಸರು ಸೇರಿ, ಒಂದು ಮಧ್ಯಾಹ್ನ ಪೂರಾ, ಆ ಹಗ್ಗವನ್ನು ಬಿಚ್ಚಿ ಗಂಜಿಯಲ್ಲಿ ಅದ್ದಿ ಕುಂಚ ಹೊಡೆದು ಎಣ್ಣೆ ಕೈ ಸವರಿ ಮತ್ತೆ ಕಟ್ಟಿದ್ದೀರಿ. ಮಾತು ಬಿಟ್ಟಿದ್ದ ರಂಗಕ್ಕ, ದ್ರಾಕ್ಷಾಯಣಮ್ಮ ಒಂದೇ ಪಾತ್ರೆಗೆ ಕೈ ಹಾಕಿದರಂತೆ. ತೇವ ಕುಡಿದು ಬಿಡಬೇಕಾದ ಹಗ್ಗದ ಬಾಯಿಯೇ ಮುಚ್ಚಿಹೋಗಿತ್ತು. ಏಕಾಂತಪ್ಪನವರು ನಗಬಾರದೆಂದು ಹೊರಗೆ ಹೋಗಿ ಬೀಡಿ ಹಚ್ಚಿದರು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ತಪ್ಪು ನಿಮ್ಮದೆಂದು ಹೇಳಲಾರೆ, ಮುಟ್ಟಬೇಡಿ ಎಂದು ನಾನೂ ಹೇಳಿರಲಿಲ್ಲ. ಹೊಸ ಹಗ್ಗ ಹಾಕಿದ್ದೇವೆ. ದಯವಿಟ್ಟು ಅದಕ್ಕೆ ಏನೂ ಉಣಿಸಬೇಡಿ. ಹಿಂಜಿದರೆ ಹಿಂಜಲಿ.

ಈಗ ಹೇಳಬೇಕೆಂದಿದ್ದು. ಎಲೆ ಬೀಳುತ್ತಿಲ್ಲ ಎಂಬ ನಿನ್ನ ಕಾಗದ ಬಂದಾಗ ಮೊದಲು ಗಾಬರಿಯಾಯಿತು. ಆಮೇಲೆ ಬಸ್ಸಿನಲ್ಲಿ, ಬಿ.ಜಿ. ಕೆರೆ ದಾಟಿದ ಮೇಲೆ, ಒಂದು ಯೋಚನೆ ಬಂತು. ಗೋಡೆ ಕೆಟ್ಟರೆ ಅಮ್ಮ ನನ್ನ ಹತ್ತಿರ ಬರುತ್ತಾಳೆ. ಆ ಟ್ರಂಕು ಇಡಲು ನನ್ನ ಮಂಚದ ಕೆಳಗೆ ಆಗಲೇ ಜಾಗ ಮಾಡಿದ್ದೆ. ಖುಷಿಯಾಯಿತಮ್ಮ, ನಿಜವಾಗಿಯೂ ಖುಷಿಯಾಯಿತು. ಹಾಗಿದ್ದೂ ಇಳಿದ ತಕ್ಷಣ ಹಗ್ಗ ಮೂಸಲು ಹೋದೆ. ಮಗ್ಗವಿಲ್ಲದ ನಿನ್ನನ್ನು ನನ್ನ ಕೋಣೆಯಲ್ಲಿ ಕೂರಿಸಿಕೊಂಡು ನಾನು ಏನು ಮಾಡಲಿ ಅನ್ನಿಸಿತು.

ಚೌಡೇಶಣ್ಣ ಬಂದು ಹೋದ ಮೇಲೆ ಬರೆ. ಏನಾಗಿದ್ದರೂ ಬರೆ.

ಮಾಲಾ

*

ಮೊಳಕಾಲ್ಮೂರು
22 ಏಪ್ರಿಲ್ 2002

ಮಗಳು ಮಾಲಾಳಿಗೆ ಅಮ್ಮನ ಆಶೀರ್ವಾದ.

ಈ ಸಲ ಕ್ಷೇಮದಿಂದ ಶುರು ಮಾಡುತ್ತೇನೆ.

ಚೌಡೇಶ ವ್ಯಾಪಾರಿಯನ್ನೂ ಕರೆದುಕೊಂಡೇ ಬಂದ. ಸ್ಟೂಲ್ ಹಾಕಿಕೊಂಡು ನನ್ನ ಮಗ್ಗದ ಪಕ್ಕ ಕೂತ. ಕರೆಂಟು ಹೋಯಿತು. ನಾವು ಯಾರೂ ತಲೆ ಎತ್ತಲಿಲ್ಲ, ಎತ್ತಬಾರದು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಹೊರಗೆ ಬಿಸಿಲು ಏರಿತು. ಮೊದಲು ಮೂಲೆಯ ಎಲೆ ಇಳಿಯಿತು, ಅದರ ಹಿಂದೆ ಪಕ್ಕದ್ದು. ನೋಡುತ್ತಿದ್ದರೆ ಇಳಿಯುವುದು ಗೊತ್ತಾಗುವುದಿಲ್ಲ, ಒಂದು ಎಳೆ ಗಂಟು ಹಾಕಿ ತಿರುಗಿ ನೋಡಿದರೆ ಇಳಿದಿರುತ್ತದೆ. ಚೌಡೇಶ ಎದ್ದು ಗೋಡೆಯ ಹಿಂದೆ ಹೋಗಿ ಹುಡುಕಿ ಬಂದ. "ಯಾರ್ ಎಳೀತಾವ್ರೆ ಅಕ್ಕ?" ಎಂದ. ದ್ರಾಕ್ಷಾಯಣಮ್ಮ ನೇಯುತ್ತಲೇ, "ಯಾರೂ ಇಲ್ಲಪ್ಪ. ಬಿಸ್ಲಾತು, ಮಡಿಚ್ಕಂತು" ಎಂದಳು.

ತಂಪಾಯಿತು ಎಂದು ಸುಳ್ಳು ಬರೆಯುವುದಿಲ್ಲ. ಮೊಳಕಾಲ್ಮೂರಿನ ಏಪ್ರಿಲ್ ತಂಪಾಗಲು ದೇವರೇ ಬರಬೇಕು. ಆದರೆ ಕೂರಬಹುದು. ನೆಲಕ್ಕೆ ಚಿಮುಕಿಸಿದ ನೀರು ಸಂಜೆಯವರೆಗೂ ಹಸಿಯಾಗಿ ಉಳಿಯಿತು. ಎಳೆ ಎಲ್ಲೋ ಒಂದೊಂದು ಮುರಿಯಿತು, ಗಂಟು ಹಾಕಿಕೊಂಡು ನೇಯ್ದೆವು. ಚೌಡೇಶ ಸಂಜೆ ಎಲೆ ಮತ್ತೆ ಏಳುವವರೆಗೂ ಕೂತಿದ್ದ. ಹೋಗುವಾಗ ವ್ಯಾಪಾರಿಗೆ, "ನೀವು ಬೇರೆ ಕಡೆ ನೋಡ್ಕಳ್ರಿ" ಎಂದ. ಇಷ್ಟೇ ಮಾತು. ರಂಗಕ್ಕ ಟೀ ತರಿಸಿದಳು.

ಟ್ರಂಕನ್ನು ಅಟ್ಟಕ್ಕೆ ಹಾಕಿಸಿದ್ದೇನೆ. ಚಳ್ಳಕೆರೆಗೆ ನಾನು ಬರುವುದಿಲ್ಲ ಮಾಲಾ. ನೀನು ಬಸ್ಸಿನಲ್ಲಿ ಖುಷಿಯಾಯಿತು ಎಂದು ಬರೆದ ಸಾಲನ್ನು ಮತ್ತೆ ಮತ್ತೆ ಓದಿದೆ. ಟ್ರಂಕು ಒರೆಸುವಾಗ ನನಗೂ ಬರೀ ದುಃಖವೇ ಆಗಿರಲಿಲ್ಲ. ಬಂಗಾರು ತಲ್ಲಿ, ನನ್ನ ಬಂಗಾರದಮ್ಮ, ಸಂಜೆ ನಿನಗೆ ಬಾಗಿಲು ತೆಗೆಯಬೇಕು ಎಂದು ನನಗೂ ಆಸೆಯಿದೆ.

ಫೆಬ್ರವರಿಯಲ್ಲಿ ನೀನು ಒಂದು ಮಾತು ಕೇಳಿದ್ದೆ, ಯಾಕೆ ಹೊಡೆದೆ ಎಂದು. ನಾನು ಮರೆತಿರಲಿಲ್ಲ. ಉತ್ತರ ಬರೆದು ಎರಡು ಸಲ ಹರಿದು ಹಾಕಿದೆ. ಈಗ ಬರೆಯುತ್ತೇನೆ.

ನಿನಗೆ ಆರೇಳು ವರ್ಷ ಆಗ. ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ನೀನು ನನ್ನ ಮಗ್ಗದ ಪಕ್ಕ ಮಂಡಿಯೂರಿ ಬಗ್ಗಿ, ಮುರಿದಿದ್ದ ಎಳೆಗೆ ಗಂಟು ಹಾಕಿದ್ದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಬೆರಳಾಡಿಸಿ ಹುಡುಕಿದೆ, ಗಂಟು ಎಲ್ಲಿದೆ ಎಂದು ನನಗೇ ಸಿಗಲಿಲ್ಲ. ನಿನ್ನ ನಾನ್ನ ನೋಡಿದ್ದರೆ ಕುಣಿದಾಡುತ್ತಿದ್ದರು, ಮಾರನೆಯ ದಿನದಿಂದ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ನನಗೆ ಹೆದರಿಕೆಯಾಯಿತು. ಕೈ ಬರದ ಹುಡುಗಿಯನ್ನು ಮಗ್ಗ ತಾನೇ ಬಿಟ್ಟುಬಿಡುತ್ತದೆ. ಕೈ ಬಂದವಳನ್ನು ಬಿಡುವುದಿಲ್ಲ, ನನ್ನನ್ನು ಬಿಟ್ಟಿತೇ? ನೀನು ಶಾಲೆಗೆ ಹೋಗಬೇಕಿತ್ತು. ಲಾಳಿ ಕೈಯಲ್ಲಿತ್ತು, ಹೊಡೆದೆ. ನಿನ್ನದು ದಡ್ಡ ಕೈ ಅಲ್ಲ ಮಗಳೇ, ಅಂಥ ಕೈ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ತಪ್ಪಾಯಿತು ಎಂದು ಬರೆಯುತ್ತೇನೆ ಅಂದುಕೊಳ್ಳಬೇಡ. ಆ ದಿನ ತಿರುಗಿ ಬಂದರೆ ತಿರುಗಿ ಹೊಡೆಯುತ್ತೇನೆ. ಆದರೆ ಈಗ ನಿನ್ನನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಯಾವ ಮಗ್ಗಕ್ಕೂ ಇಲ್ಲ. ನನ್ನ ಪಕ್ಕದ ಗುಂಡಿ ಇನ್ನೂ ಖಾಲಿ ಇದೆ. ಅದಕ್ಕೆ ಒಂದು ಹಾಸು ಹೂಡಿದ್ದೇನೆ, ಬಣ್ಣ ಯಾವುದೆಂದು ಬಂದೇ ನೋಡು. ಮುಂದಿನ ತಿಂಗಳ ಮೊದಲನೇ ಭಾನುವಾರ ಬಾ. ಹಳೇ ಬಟ್ಟೆ ಹಾಕಿಕೊಂಡು ಬಾ. ಬೆಳಿಗ್ಗೆಯೇ ಕಾಲು ಇಳಿಸಿ ಕೂತುಕೋ. ನಿನ್ನ ಗೋಡೆ ಮಡಚುವುದನ್ನು ನೀನು ಹೊರಗೆ ನಿಂತು ನೋಡಿದ್ದೀಯ, ನಮ್ಮ ಕಡೆಯಿಂದ ಒಂದು ಸಲವೂ ನೋಡಿಲ್ಲ.

ನಿನ್ನ ಅಮ್ಮ,
ಚಿತ್ತಮ್ಮ

*

ಚಳ್ಳಕೆರೆ
27 ಏಪ್ರಿಲ್ 2002

ಅಮ್ಮನಿಗೆ,

ನಿನ್ನ ಕಾಗದವನ್ನು ಕ್ಯಾತಮ್ಮನವರಿಗೂ ಓದಿ ಹೇಳಿದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, ಹಸಿ ಶೇಂಗಾ ಸಿಗುವ ಕಾಲ ಅಲ್ಲವಲ್ಲ ಎಂದು ಬೇಜಾರು ಮಾಡಿಕೊಂಡು, ಹುರಿದದ್ದನ್ನೇ ಒಂದು ಚೀಲ ಕಟ್ಟಿಕೊಟ್ಟಿದ್ದಾರೆ.

ಶನಿವಾರ ಸಂಜೆಯ ಬಸ್ಸಿಗೇ ಬರುತ್ತೇನೆ. ಬಾಗಿಲು ನೀನೇ ತೆಗೆ. ಬೆಳಿಗ್ಗೆ ಬೇಗ ಎಬ್ಬಿಸು. ಗಂಟು ಹಾಕುವುದು ಮರೆತಿದ್ದರೆ ನಗಬೇಡ, ಹೇಳಿಕೊಡು. ಮತ್ತೆ ಈ ಸಲ ಲಾಳಿಯನ್ನು ನನ್ನ ಕೈಗೆ ಕೊಡು.

ನಿನ್ನ ಮಗಳು,
ಮಾಲಾ